ಲೆಕ್ಕ ಕೇಳದ ಶಾಂತಿ: ಬೆಲ್‌ಫಾಸ್ಟ್‌ನಿಂದ ಓಮಾವರೆಗೆ

ಸೋಮವಾರ, ಡಬ್ಲಿನ್‌ನಿಂದ ಬೆಲ್‌ಫಾಸ್ಟಿಗೆ

ಡಬ್ಲಿನ್‌ನ ಕಾನಲಿ ನಿಲ್ದಾಣದಿಂದ ಹೊರಟ ಎಂಟರ್‌ಪ್ರೈಸ್ ರೈಲು ಡಂಡಾಕ್ ದಾಟಿ ನ್ಯೂರಿಯನ್ನು ತಲುಪುವ ನಡುವೆ ಎಲ್ಲಿಯೋ ಐರ್ಲೆಂಡ್ ಗಣರಾಜ್ಯ ಮುಗಿದು, ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡ್ ಶುರುವಾಗುತ್ತದೆ. ಪಾಸ್‌ಪೋರ್ಟ್ ಕೇಳಲು ಯಾರೂ ಬರಲಿಲ್ಲ. ಮೊಬೈಲಿಗೆ ಹೊಸ ಜಾಲದ ಸಂದೇಶ ಬಂದಾಗಲಷ್ಟೇ ಗಡಿ ದಾಟಿದ್ದು ಗೊತ್ತಾಯಿತು. ಕಿಟಕಿಯಾಚೆ ಕಾಣುವ ದಕ್ಷಿಣ ಆರ್ಮಾದ ಗುಡ್ಡಗಳ ಮೇಲೆ ಒಂದು ಕಾಲದಲ್ಲಿ ಬ್ರಿಟಿಷ್ ಸೇನೆಯ ಕಾವಲುಗೋಪುರಗಳಿದ್ದವು. ಸೈನಿಕರನ್ನು ರಸ್ತೆಯಲ್ಲಿ ಕಳುಹಿಸುವುದು ಅಪಾಯವೆಂದು ಹೆಲಿಕಾಪ್ಟರಿನಲ್ಲಿ ಸಾಗಿಸುತ್ತಿದ್ದರು. ಈಗ ಅಲ್ಲಿ ಕುರಿಗಳು ಮೇಯುತ್ತಿದ್ದವು.

ಓದುಗರಿಗಾಗಿ ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. 1921ರಲ್ಲಿ ಐರ್ಲೆಂಡ್ ವಿಭಜನೆಯಾದಾಗ ಪ್ರಾಟೆಸ್ಟೆಂಟರು ಬಹುಸಂಖ್ಯಾತರಾಗಿದ್ದ ಉತ್ತರದ ಆರು ಕೌಂಟಿಗಳು ಬ್ರಿಟನ್ನಿನಲ್ಲಿಯೇ ಉಳಿದವು. ಮನೆ, ಉದ್ಯೋಗ ಮತ್ತು ಸ್ಥಳೀಯ ಚುನಾವಣೆಯ ಮತದಾನದಲ್ಲಿ ತಮಗಾಗುತ್ತಿದ್ದ ಅನ್ಯಾಯದ ವಿರುದ್ಧ ಅಲ್ಲಿನ ಕ್ಯಾಥೊಲಿಕರು 1960ರ ದಶಕದ ಕೊನೆಗೆ ಬೀದಿಗಿಳಿದರು. ಆ ಚಳವಳಿಯನ್ನು ಹತ್ತಿಕ್ಕಿದ ರೀತಿಯಿಂದ ಹೊತ್ತಿಕೊಂಡ ಬೆಂಕಿ ಮೂವತ್ತು ವರ್ಷ ಉರಿಯಿತು. ಸುಮಾರು 15 ಲಕ್ಷ ಜನರಿದ್ದ ನಾಡಿನಲ್ಲಿ 3,500ಕ್ಕೂ ಹೆಚ್ಚು ಮಂದಿ ಸತ್ತರು. ಹೆಚ್ಚುಕಡಿಮೆ ಹತ್ತರಲ್ಲಿ ಆರು ಸಾವುಗಳಿಗೆ ಐರ್ಲೆಂಡ್ ಒಂದಾಗಬೇಕೆಂದು ಬಂದೂಕು ಹಿಡಿದ ಐಆರ್‌ಎ (ಐರಿಷ್ ರಿಪಬ್ಲಿಕನ್ ಆರ್ಮಿ) ಮೊದಲಾದ ರಿಪಬ್ಲಿಕನ್ ಗುಂಪುಗಳೂ, ಮೂರಕ್ಕೆ ಬ್ರಿಟನ್ ಪರವಾದ ಲಾಯಲಿಸ್ಟ್ ಗುಂಪುಗಳೂ, ಒಂದಕ್ಕೆ ಸರ್ಕಾರದ ಪಡೆಗಳೂ ಕಾರಣ. 1998ರ ಏಪ್ರಿಲ್ 10ರಂದು, ಗುಡ್‌ಫ್ರೈಡೆಯ ದಿನ, ಆದ ಒಪ್ಪಂದ ಈ ಹಿಂಸೆಯನ್ನು ಬಹುಮಟ್ಟಿಗೆ ನಿಲ್ಲಿಸಿತು. ಕೊಲೆಗಳು ನಿಂತ ಮೇಲೆ, ಕೊಂದವರೂ ಕಳೆದುಕೊಂಡವರೂ ಒಂದೇ ಅಂಗಡಿಯಲ್ಲಿ ಹಾಲು ಕೊಳ್ಳುವ ಊರುಗಳಲ್ಲಿ ಏನು ನಡೆಯುತ್ತದೆ ಎಂಬುದನ್ನು ನೋಡುವುದು ನನ್ನ ಉದ್ದೇಶವಾಗಿತ್ತು.

ಮಂಗಳವಾರ, ಫಾಲ್ಸ್ ಮತ್ತು ಶ್ಯಾಂಕಿಲ್

ಪಶ್ಚಿಮ ಬೆಲ್‌ಫಾಸ್ಟ್‌ನಲ್ಲಿ ಮಾಜಿ ಕೈದಿಗಳೇ ನಡೆಸಿಕೊಡುವ ಕಾಲ್ನಡಿಗೆಯ ಪ್ರವಾಸವಿದೆ. ಮೊದಲರ್ಧದಲ್ಲಿ ಹಿಂದೆ ಐಆರ್‌ಎಯಲ್ಲಿದ್ದವರೊಬ್ಬರು ಕ್ಯಾಥೊಲಿಕರ ಫಾಲ್ಸ್ ರಸ್ತೆಯನ್ನು ತೋರಿಸುತ್ತಾರೆ. ಉಳಿದರ್ಧದಲ್ಲಿ ಲಾಯಲಿಸ್ಟ್ ಗುಂಪಿನಲ್ಲಿದ್ದು ಜೈಲು ಕಂಡು ಬಂದವರೊಬ್ಬರು ಪ್ರಾಟೆಸ್ಟೆಂಟರ ಶ್ಯಾಂಕಿಲ್ ರಸ್ತೆಯನ್ನು ತೋರಿಸುತ್ತಾರೆ. ಎರಡು ರಸ್ತೆಗಳ ನಡುವಿನ ಗೋಡೆಯ ಬಾಗಿಲ ಬಳಿ ಇಬ್ಬರೂ ಸೇರಿ, ಪ್ರವಾಸಿಗರ ಗುಂಪನ್ನು ಒಬ್ಬರಿಂದ ಇನ್ನೊಬ್ಬರು ವಹಿಸಿಕೊಳ್ಳುತ್ತಾರೆ. ಅದನ್ನು ಕಣ್ಣಾರೆ ನೋಡಿದೆ. ಕೈಕುಲುಕಿದರು, ಹವಾಮಾನವನ್ನು ಬೈದರು, ಗುಂಪಿನಲ್ಲಿ ಎಷ್ಟು ಜನರಿದ್ದಾರೆಂದು ಎಣಿಸಿಕೊಂಡರು, ಅವರವರ ದಾರಿ ಹಿಡಿದರು. ಗೆಳೆತನದ ಪ್ರದರ್ಶನವೇನೂ ಅಲ್ಲಿರಲಿಲ್ಲ. ಪಾಳಿ ಬದಲಾಯಿಸಿಕೊಳ್ಳುವ ಇಬ್ಬರು ಕಂಡಕ್ಟರುಗಳಂತೆ ಇದ್ದರು. ಆ ನಿರ್ಲಿಪ್ತ ವ್ಯವಹಾರವೇ ನನಗೆ ಭಾಷಣಗಳಿಗಿಂತ ಹೆಚ್ಚು ನಂಬಿಕೆ ತರಿಸಿತು.

ಫಾಲ್ಸ್ ಬದಿಯಲ್ಲಿ ಬಾಂಬೆ ಸ್ಟ್ರೀಟ್ ಎಂಬ ಬೀದಿಯಿದೆ. ನಮ್ಮ ಮುಂಬಯಿಯ ಹೆಸರನ್ನು ಹೊತ್ತ ಈ ಬೀದಿಯ ಮನೆಗಳನ್ನು 1969ರ ಆಗಸ್ಟ್‌ನಲ್ಲಿ ಸುಟ್ಟುಹಾಕಿದ್ದರು. ಅದಾದ ಮೇಲೆ ಸೇನೆ ಎರಡು ಸಮುದಾಯಗಳ ನಡುವೆ ಬೇಲಿ ಹಾಕಿತು. ಇದು ತೀರಾ ತಾತ್ಕಾಲಿಕವೆಂದು ಆಗಿನ ಸೇನಾಧಿಕಾರಿ ಹೇಳಿದ್ದರು. ಆ ತಾತ್ಕಾಲಿಕ ಬೇಲಿ ಇಂದು ಕೆಳಗೆ ಕಾಂಕ್ರೀಟು, ಅದರ ಮೇಲೆ ತಗಡು, ಅದರ ಮೇಲೆ ತಂತಿಬಲೆ ಎಂದು ಮೂರು ಪದರಗಳಲ್ಲಿ ಮನೆಗಳ ಮಾಡಿಗಿಂತ ಎತ್ತರಕ್ಕೆ ಬೆಳೆದು ನಿಂತಿದೆ. ಗೋಡೆಗೆ ಅಂಟಿಕೊಂಡ ಮನೆಗಳ ಹಿತ್ತಿಲನ್ನು ನೋಡಬೇಕು: ಆಚೆಯಿಂದ ಬೀಳುವ ಕಲ್ಲು, ಬಾಟಲಿಗಳನ್ನು ತಡೆಯಲು ಗೋಡೆಯಿಂದ ಮಾಡಿನವರೆಗೆ ಕಬ್ಬಿಣದ ಜಾಲರಿ ಹೊದಿಸಿದ್ದಾರೆ, ಅದರೊಳಗೆ ಬಟ್ಟೆ ಒಣಗುತ್ತಿರುತ್ತದೆ, ಮಗುವಿನ ಸೈಕಲ್ ನಿಂತಿರುತ್ತದೆ. ನಗರದ ಇಂಥ ಗೋಡೆಗಳನ್ನೆಲ್ಲ 2023ರೊಳಗೆ ತೆಗೆಯುತ್ತೇವೆಂದು ಇಲ್ಲಿನ ಸರ್ಕಾರ 2013ರಲ್ಲಿ ಘೋಷಿಸಿತ್ತು. ಗಡುವು ದಾಟಿತು, ಹೆಚ್ಚಿನ ಗೋಡೆಗಳು ಇದ್ದಲ್ಲೇ ಇವೆ. ಒಪ್ಪಂದವಾದ ಮೇಲೆಯೂ ಕೆಲವು ಹೊಸದಾಗಿ ಎದ್ದವು. ಎರಡೂ ಸಮುದಾಯದ ಮಕ್ಕಳು ಒಟ್ಟಿಗೆ ಓದುವ ಹೇಝಲ್‌ವುಡ್ ಪ್ರಾಥಮಿಕ ಶಾಲೆಯ ಆವರಣದಲ್ಲೇ 2007ರಲ್ಲಿ ಒಂದು ಬೇಲಿ ಬಂತು.

ಬಾಂಬೆ ಸ್ಟ್ರೀಟಿಗೆ ಹೊಂದಿಕೊಂಡೇ ಕ್ಲೊನಾರ್ಡ್ ಮಠವಿದೆ. ಇಲ್ಲಿನ ಪಾದ್ರಿ ಅಲೆಕ್ ರೀಡ್, ಐಆರ್‌ಎಯ ರಾಜಕೀಯ ಮುಖವಾಗಿದ್ದ ಶಿನ್ ಫೇನ್ ಪಕ್ಷದ ಜೆರಿ ಆಡಮ್ಸ್ ಮತ್ತು ಹಿಂಸೆಯನ್ನು ಎಂದೂ ಒಪ್ಪದ ಕ್ಯಾಥೊಲಿಕರ ನಾಯಕ ಜಾನ್ ಹ್ಯೂಮ್ ನಡುವೆ ಗುಟ್ಟಾಗಿ ಓಡಾಡಿದವರು. 1988ರ ಮಾರ್ಚ್‌ನಲ್ಲಿ, ಐಆರ್‌ಎಯವರ ಶವಯಾತ್ರೆಯೊಂದರ ನಡುವೆ ಸಿಕ್ಕಿಬಿದ್ದ ಇಬ್ಬರು ಬ್ರಿಟಿಷ್ ಸೈನಿಕರನ್ನು ಎಳೆದೊಯ್ದು ಕೊಂದರು. ರಸ್ತೆಯಲ್ಲಿ ಬಿದ್ದಿದ್ದ ಸೈನಿಕನ ಪಕ್ಕ ಮಂಡಿಯೂರಿ ಪ್ರಾರ್ಥಿಸುತ್ತಿರುವ ಪಾದ್ರಿಯ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಆ ಹೊತ್ತಿನಲ್ಲಿ ಅವರ ಬಳಿ ಹ್ಯೂಮ್ ಅವರಿಗೆ ತಲುಪಿಸಬೇಕಾಗಿದ್ದ ಶಾಂತಿ ಪ್ರಸ್ತಾವವಿತ್ತು. ಲಕೋಟೆಗೆ ರಕ್ತದ ಕಲೆಯಾಗಿದ್ದರಿಂದ ಬೇರೊಂದು ಲಕೋಟೆಗೆ ಹಾಕಿ ಅಂದೇ ಅದನ್ನು ತಲುಪಿಸಿದರೆಂಬುದು ವರ್ಷಗಳ ನಂತರ ಬೆಳಕಿಗೆ ಬಂತು. ಕಣ್ಣೆದುರು ಕಂಡದ್ದನ್ನು ಕಂಡ ಮೇಲೆಯೂ ಆ ದಿನದ ಕೆಲಸವನ್ನು ಮುಂದಕ್ಕೆ ಹಾಕದ ಮನುಷ್ಯನ ಮನಸ್ಸು ಎಂಥದಿರಬೇಕೆಂದು ಬಹಳ ಹೊತ್ತು ಯೋಚಿಸಿದೆ.

ಬಾಗಿಲಾಚೆ, ಶ್ಯಾಂಕಿಲ್‌ನಲ್ಲಿ, ಎಲ್ಲವೂ ತಿರುವುಮುರುವು. ಅಲ್ಲಿ ಹಾರುತ್ತಿದ್ದದ್ದು ಪ್ಯಾಲೆಸ್ಟೈನಿನ ಬಾವುಟ, ಇಲ್ಲಿ ಇಸ್ರೇಲಿನದು. ದೂರದ ಜಗಳವನ್ನೂ ಈ ಊರು ತನ್ನ ಗೋಡೆಯ ಎರಡು ಬದಿಗೆ ಹಂಚಿಕೊಂಡಿದೆ. ನವೆಂಬರ್ ತಿಂಗಳಾದ್ದರಿಂದ ಎದುರಾದ ಹಿರಿಯರ ಕೋಟಿನ ಮೇಲೆ ಯುದ್ಧದಲ್ಲಿ ಮಡಿದ ಬ್ರಿಟಿಷ್ ಯೋಧರ ನೆನಪಿನ ಕೆಂಪು ಗಸಗಸೆ ಹೂವಿತ್ತು. ಅರ್ಧ ಮೈಲಿ ಆಚೆ ಅದನ್ನು ಧರಿಸಿದವರನ್ನೇ ನಾನು ಕಂಡಿರಲಿಲ್ಲ. 1993ರ ಅಕ್ಟೋಬರ್ 23ರ ಶನಿವಾರ ಐಆರ್‌ಎ ಬಾಂಬು ಸಿಡಿದ ಮೀನಿನ ಅಂಗಡಿಯ ಜಾಗವನ್ನು ಮಾರ್ಗದರ್ಶಿ ತೋರಿಸಿದರು. ಒಂಬತ್ತು ಜನ ನಾಗರಿಕರು ಸತ್ತರು, ಬಾಂಬು ತಂದವರಲ್ಲಿ ಒಬ್ಬನೂ ಸತ್ತ. ಗೋಡೆ ಬೀಳಬೇಕಲ್ಲವೇ ಎಂದು ನಾನು ಕೇಳಿದ್ದಕ್ಕೆ ಅವರು, “ಬೀಳಬೇಕು. ಆದರೆ ನಮ್ಮ ತಾಯಿ ಗೋಡೆಯ ಪಕ್ಕದ ಮನೆಯಲ್ಲಿದ್ದಾರೆ, ಅವರು ಇರುವವರೆಗೆ ಬೇಡ” ಎಂದರು. ಗೋಡೆಯಿಂದ ದೂರವಿರುವವರು ಅದನ್ನು ಕೆಡವಲು ಅವಸರಪಡುತ್ತಾರೆ, ಅದರ ನೆರಳಿನಲ್ಲಿ ಮಲಗುವವರಿಗೆ ಆ ಅವಸರವಿಲ್ಲ. ಲ್ಯಾನಾರ್ಕ್ ವೇ ಎಂಬಲ್ಲಿನ ಉಕ್ಕಿನ ಬಾಗಿಲು ಈಗಲೂ ರಾತ್ರಿ ಮುಚ್ಚುತ್ತದೆ. 2021ರ ಏಪ್ರಿಲ್‌ನಲ್ಲಿ ಅದರ ಎರಡೂ ಬದಿಗಳಲ್ಲಿ ಹುಡುಗರು ಗುಂಪುಗೂಡಿ ಪೆಟ್ರೋಲ್ ಬಾಂಬು ಎಸೆದಾಡಿದರು, ಬಸ್ಸೊಂದನ್ನು ಸುಟ್ಟರು. ಅವರಲ್ಲಿ ಬಹಳ ಮಂದಿ ಒಪ್ಪಂದವಾದ ಮೇಲೆ ಹುಟ್ಟಿದವರು.

ಬುಧವಾರ, ಸ್ಟಾರ್ಮಂಟ್

ನಾನು ಉಳಿದುಕೊಂಡದ್ದು ದಕ್ಷಿಣ ಬೆಲ್‌ಫಾಸ್ಟ್‌ನಲ್ಲಿ, ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ತಂಗಿಯ ಮಗಳ ಮನೆಯಲ್ಲಿ. ಅವಳ ಮಗಳಿಗೆ ಈಗ ಮೂರು ದಾಟಿದೆ. ಇಲ್ಲಿ ನಾಲ್ಕಕ್ಕೇ ಶಾಲೆ ಶುರುವಾಗುವುದರಿಂದ ಬೆಳಗಿನ ಕಾಫಿಯ ಹೊತ್ತಿಗೆಲ್ಲ ಶಾಲೆಯದೇ ಮಾತು. “ದೊಡ್ಡಮ್ಮ, ಇಲ್ಲಿ ಮಗುವನ್ನು ಶಾಲೆಗೆ ಸೇರಿಸಿದರೆ ಒಂದು ಪಂಗಡಕ್ಕೆ ಸೇರಿಸಿದ ಹಾಗೆ. ಕ್ಯಾಥೊಲಿಕ್ ಶಾಲೆಯವರು ಒಂದು ಆಟ ಆಡುತ್ತಾರೆ, ಪ್ರಾಟೆಸ್ಟೆಂಟರೇ ಹೆಚ್ಚಾಗಿರುವ ಸರ್ಕಾರಿ ಶಾಲೆಯವರು ಇನ್ನೊಂದು ಆಟ ಆಡುತ್ತಾರೆ. ಬೆಂಗಳೂರಿನಿಂದ ಬಂದ ನಮಗೆ ಇದೆಲ್ಲ ಯಾಕೆ ಬೇಕು ಹೇಳಿ” ಎಂದಳು. ಮಿಶ್ರ ಶಾಲೆಗಳಿಲ್ಲವೆಂದಲ್ಲ. ತಂದೆತಾಯಂದಿರ ಒಂದು ಗುಂಪು ಹಟ ಹಿಡಿದು 1981ರಲ್ಲಿ 28 ಮಕ್ಕಳೊಂದಿಗೆ ಲಗಾನ್ ಕಾಲೇಜನ್ನು ಆರಂಭಿಸಿತು. ಇಷ್ಟು ವರ್ಷಗಳ ನಂತರವೂ ಇಂಥ ಶಾಲೆಗಳಲ್ಲಿ ಓದುವವರು ನೂರರಲ್ಲಿ ಹತ್ತು ಮಕ್ಕಳೂ ಇಲ್ಲ.

ಮಧ್ಯಾಹ್ನ ವಿಧಾನಸಭೆ ನೋಡಲು ಸ್ಟಾರ್ಮಂಟಿಗೆ ಹೋದೆ. ಗುಡ್ಡದ ಮೇಲಿನ ಬಿಳಿಯ ಕಟ್ಟಡಕ್ಕೆ ನೇರವಾದ ಉದ್ದನೆಯ ರಸ್ತೆ. ನಡುವೆ ಯೂನಿಯನಿಸ್ಟರ ನಾಯಕ ಎಡ್ವರ್ಡ್ ಕಾರ್ಸನ್ ಅವರ ಪ್ರತಿಮೆ ಕೈಯೆತ್ತಿ ನಿಂತಿದೆ. ಇಲ್ಲಿ ಆಯ್ಕೆಯಾದ 90 ಸದಸ್ಯರೂ ಮೊದಲು ತಾವು ಬ್ರಿಟನ್ನಿನ ಜೊತೆಗಿರಬೇಕೆನ್ನುವ ಯೂನಿಯನಿಸ್ಟರೋ, ಐರ್ಲೆಂಡ್ ಒಂದಾಗಬೇಕೆನ್ನುವ ನ್ಯಾಷನಲಿಸ್ಟರೋ, ಇತರರೋ ಎಂದು ಬರೆದುಕೊಡಬೇಕು. ಮುಖ್ಯಮಂತ್ರಿ ಒಂದು ಕಡೆಯವರಾದರೆ ಉಪಮುಖ್ಯಮಂತ್ರಿ ಇನ್ನೊಂದು ಕಡೆಯವರು, ಇಬ್ಬರಿಗೂ ಸಮಾನ ಅಧಿಕಾರ, ಒಬ್ಬರು ಎದ್ದುಹೋದರೆ ಇನ್ನೊಬ್ಬರೂ ಕುರ್ಚಿಯಲ್ಲಿರುವಂತಿಲ್ಲ. ಪರಿಣಾಮವಾಗಿ 2002ರಿಂದ 2007ರವರೆಗೆ, 2017ರಿಂದ 2020ರವರೆಗೆ, 2022ರಿಂದ 2024ರವರೆಗೆ ಸರ್ಕಾರವೇ ನಡೆಯಲಿಲ್ಲ. ಆದರೂ ಇದೇ ಕಟ್ಟಡದಲ್ಲಿ 2007ರ ಮೇ 8ರಂದು, ಐಆರ್‌ಎಯ ಕಮಾಂಡರ್ ಆಗಿದ್ದ ಮಾರ್ಟಿನ್ ಮೆಕ್‌ಗಿನ್ನಿಸ್ ಅವರೂ, ಜೀವಮಾನವಿಡೀ ಕ್ಯಾಥೊಲಿಕರ ವಿರುದ್ಧ ಗುಡುಗಿದ ಪಾದ್ರಿ ಇಯನ್ ಪೈಸ್ಲಿ ಅವರೂ ಒಟ್ಟಿಗೆ ಅಧಿಕಾರ ವಹಿಸಿಕೊಂಡರು. ಇಬ್ಬರೂ ಸದಾ ನಗುವುದನ್ನು ಕಂಡು ಪತ್ರಿಕೆಗಳು ಹಾಸ್ಯ ಮಾಡಿದವು.

1998ರ ಮೇ 22ರ ಜನಮತದಲ್ಲಿ ಉತ್ತರ ಐರ್ಲೆಂಡಿನ ಶೇ. 71ರಷ್ಟು ಮತದಾರರು ಒಪ್ಪಂದವನ್ನು ಒಪ್ಪಿದರು. ಅದರ ಜಾಣ್ಮೆ ಅದು ಕೇಳದೆ ಬಿಟ್ಟ ಪ್ರಶ್ನೆಗಳಲ್ಲಿದೆ. ಈ ನಾಡು ಯಾರದೆಂದು ಅದು ತೀರ್ಮಾನಿಸಲಿಲ್ಲ, ಬಹುಮತ ಬಯಸಿದ ದಿನ ಐರ್ಲೆಂಡಿಗೆ ಸೇರಬಹುದೆಂದಿತು. ಇಲ್ಲಿ ಹುಟ್ಟಿದವರು ಬ್ರಿಟಿಷರಾಗಿಯೋ, ಐರಿಷರಾಗಿಯೋ, ಎರಡೂ ಆಗಿಯೋ ಇರಬಹುದೆಂದಿತು. ಎರಡು ವರ್ಷದೊಳಗೆ ಎರಡೂ ಕಡೆಯ ನಾನೂರಕ್ಕೂ ಹೆಚ್ಚು ಕೈದಿಗಳನ್ನು ಬಿಡುಗಡೆ ಮಾಡಿಸಿತು. ದಕ್ಷಿಣ ಆಫ್ರಿಕದಂತೆ ಸತ್ಯಶೋಧನೆಯ ಆಯೋಗವೊಂದನ್ನು ಮಾತ್ರ ನೇಮಿಸಲಿಲ್ಲ. ಯಾರು ಯಾರನ್ನು ಯಾಕೆ ಕೊಂದರೆಂದು ಆಗ ಕೇಳಿದ್ದರೆ ಒಪ್ಪಂದವೇ ಆಗುತ್ತಿರಲಿಲ್ಲವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಆ ಉಳಿಕೆಯ ಲೆಕ್ಕವನ್ನು ಸರ್ಕಾರ ಮನ್ನಾ ಮಾಡಿದ ಮಾತ್ರಕ್ಕೆ ಅದು ತೀರಲಿಲ್ಲ, ಸತ್ತವರ ಮನೆಯವರ ಹೆಗಲಿಗೆ ಬಂತು.

ಗುರುವಾರ, ಬ್ಯಾಲಿಕ್ಯಾಸಲ್

ಉತ್ತರದ ಕಡಲತಡಿಯ ಬ್ಯಾಲಿಕ್ಯಾಸಲ್ ಊರಿನ ಹೊರಗೆ ಕೊರಿಮೀಲ ಎಂಬ ನೆಲೆಯಿದೆ. ಗಲಭೆ ಶುರುವಾಗುವುದಕ್ಕೂ ಮುಂಚೆ, 1965ರಲ್ಲಿ, ಪಾದ್ರಿ ರೇ ಡೇವಿ ಇದನ್ನು ಸ್ಥಾಪಿಸಿದರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಕೈಯಲ್ಲಿ ಸೆರೆಯಾಗಿದ್ದ ಅವರು ಡ್ರೆಸ್‌ಡನ್ ನಗರ ಬಾಂಬಿನಿಂದ ಉರಿದದ್ದನ್ನು ಕಂಡಿದ್ದರು. ಎರಡೂ ಕಡೆಯ ಶಾಲಾಮಕ್ಕಳು, ವಿಧವೆಯರು, ಮಾಜಿ ಕೈದಿಗಳು ಇಲ್ಲಿಗೆ ಬಂದು ಕೆಲವು ದಿನ ಒಟ್ಟಿಗೆ ಇರುತ್ತಾರೆ. ಚರ್ಚೆಯ ಕೋಣೆಯಲ್ಲಿ ಬಾಯಿ ಬಿಡದವರು ಅಡುಗೆಮನೆಯಲ್ಲಿ ತಟ್ಟೆ ತೊಳೆಯುವಾಗ ಮಾತಾಡುತ್ತಾರೆಂದು ಅಲ್ಲಿನ ಸ್ವಯಂಸೇವಕಿ ಹೇಳಿದರು. ಊಟವಾದ ಮೇಲೆ ನನ್ನ ಕೈಗೂ ಒರೆಸುವ ಬಟ್ಟೆ ಕೊಟ್ಟರು.

2015ರಲ್ಲಿ ಇಲ್ಲಿಗೆ ಆಗಿನ ರಾಜಕುಮಾರ ಚಾರ್ಲ್ಸ್ ಬಂದಿದ್ದರು. ನಮಗೆಲ್ಲ ಕೊನೆಯ ವೈಸ್‌ರಾಯ್ ಎಂದು ಗೊತ್ತಿರುವ ಮೌಂಟ್‌ಬ್ಯಾಟನ್ ಚಾರ್ಲ್ಸ್ ಅವರ ತಂದೆಯ ಸೋದರಮಾವ. 1979ರ ಆಗಸ್ಟ್‌ನಲ್ಲಿ ಐರ್ಲೆಂಡಿನ ಪಶ್ಚಿಮ ಕರಾವಳಿಯ ಮುಲ್ಲಾಮೋರಿನಲ್ಲಿ ಅವರ ದೋಣಿಯನ್ನು ಐಆರ್‌ಎ ಸ್ಫೋಟಿಸಿತ್ತು. ಅದೇ ಪ್ರವಾಸದಲ್ಲಿ ಚಾರ್ಲ್ಸ್ ಮುಲ್ಲಾಮೋರಿಗೂ ಹೋದರು, ಜೆರಿ ಆಡಮ್ಸ್ ಅವರ ಕೈಯನ್ನೂ ಕುಲುಕಿದರು. ದೊಡ್ಡವರ ಹಸ್ತಲಾಘವ ಬೇಡವೆನ್ನುವುದಿಲ್ಲ. ಆದರೆ ಕ್ಷಮೆಯ ಹೊರೆಯನ್ನು ನೊಂದವರ ಮೇಲೆಯೇ ಹೊರಿಸುವ ಅಭ್ಯಾಸ ಈ ನಾಡಿನಲ್ಲಿ ಬಹಳ ಬೆಳೆದಿದೆ ಎನಿಸಿತು. 1987ರ ನವೆಂಬರ್ 8ರಂದು ಎನಿಸ್ಕಿಲೆನ್‌ನಲ್ಲಿ ಯೋಧರ ಸ್ಮರಣೆಗೆ ಸೇರಿದ್ದ ಜನರ ನಡುವೆ ಐಆರ್‌ಎ ಬಾಂಬು ಸಿಡಿದಾಗ, ಗಾರ್ಡನ್ ವಿಲ್ಸನ್ ಎಂಬ ಬಟ್ಟೆ ವ್ಯಾಪಾರಿ ಅವಶೇಷಗಳಡಿ ಮಗಳ ಕೈ ಹಿಡಿದುಕೊಂಡೇ ಅವಳನ್ನು ಕಳೆದುಕೊಂಡರು. ತನಗೆ ಯಾರ ಮೇಲೂ ದ್ವೇಷವಿಲ್ಲವೆಂದು ಅದೇ ದಿನ ಹೇಳಿದರು. ಆ ಮಾತನ್ನು ಇಂದಿಗೂ ಎಲ್ಲರೂ ನೆನೆಯುತ್ತಾರೆ. 1993ರಲ್ಲಿ ಅವರು ಐಆರ್‌ಎ ಪ್ರತಿನಿಧಿಗಳನ್ನು ಕಂಡು ಹಿಂಸೆ ನಿಲ್ಲಿಸಿರೆಂದು ಬೇಡಿ ಬರಿಗೈಯಲ್ಲಿ ಹಿಂದಿರುಗಿದ್ದನ್ನು ನೆನೆಯುವವರು ಕಡಿಮೆ.

ಶುಕ್ರವಾರ ಮತ್ತು ಶನಿವಾರ, ಡೆರಿ

ಕೋಲ್‌ರೇನ್‌ನಿಂದ ರೈಲು ಸಮುದ್ರದ ಅಂಚಿನಲ್ಲೇ ಸಾಗಿ ಡೆರಿಗೆ ತಲುಪಿಸುತ್ತದೆ. ಕ್ಯಾಥೊಲಿಕರೇ ಹೆಚ್ಚಾಗಿರುವ ಈ ನಗರದ ಕೋಟೆಗೋಡೆಯನ್ನು 1613ರಿಂದ 1618ರ ನಡುವೆ ಕಟ್ಟಿದ್ದು. ಅದರ ಮೇಲಿಂದ ಕೆಳಗೆ ನೋಡಿದರೆ ಬಾಗ್‌ಸೈಡ್ ಎಂಬ ಬಡಾವಣೆ. 1972ರ ಜನವರಿ 30ರಂದು, ವಿಚಾರಣೆಯಿಲ್ಲದ ಸೆರೆವಾಸದ ವಿರುದ್ಧ ಮೆರವಣಿಗೆ ಹೊರಟಿದ್ದವರ ಮೇಲೆ ಬ್ರಿಟಿಷ್ ಪ್ಯಾರಾಷೂಟ್ ಪಡೆ ಗುಂಡು ಹಾರಿಸಿ 13 ಜನರನ್ನು ಅಂದೇ ಕೊಂದಿತು, ಗಾಯಗೊಂಡ ಇನ್ನೊಬ್ಬರು ಆಮೇಲೆ ತೀರಿಕೊಂಡರು. ಕೆಲವೇ ವಾರಗಳಲ್ಲಿ ಹೊರಬಂದ ನ್ಯಾಯಮೂರ್ತಿ ವಿಜ್‌ರಿ ಅವರ ವರದಿ, ಸತ್ತವರಲ್ಲಿ ಕೆಲವರ ಕೈಯಲ್ಲಿ ಬಂದೂಕು, ಬಾಂಬುಗಳಿದ್ದವೆಂಬ ಸಂಶಯವನ್ನು ಉಳಿಸಿತು. ಮಗ ಸತ್ತ ದುಃಖದ ಜೊತೆಗೆ ಮಗ ಬಾಂಬು ಹಿಡಿದವನೆಂಬ ಸರ್ಕಾರಿ ಮಾತನ್ನೂ ಆ ಮನೆಗಳು ನುಂಗಿಕೊಂಡು ಬದುಕಬೇಕಾಯಿತು.

ಈಗ ಆ ಜಾಗದಲ್ಲಿಯೇ ಫ್ರೀ ಡೆರಿ ವಸ್ತುಸಂಗ್ರಹಾಲಯವಿದೆ. ಸತ್ತವರ ಬಂಧುಗಳೇ ಅದರಲ್ಲಿ ಕೆಲಸ ಮಾಡುತ್ತಾರೆ. ಗುಂಡು ತೂರಿ ತೂತಾದ ಕೋಟನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ತೂತು ಸಣ್ಣದು, ಕಾಲುಂಗುರವೂ ತೂರದಷ್ಟು; ತೋರಿಸಿ ಹೇಳದಿದ್ದರೆ ನುಸಿ ತಿಂದದ್ದೆಂದು ಯಾರಾದರೂ ಮುಂದೆ ಹೋಗುತ್ತಿದ್ದರು. ಆ ಮನೆಯವರು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಬಿಡದೆ ಕೇಳಿದ ಮೇಲೆ 1998ರಲ್ಲಿ ಹೊಸ ತನಿಖೆಗೆ ಆದೇಶವಾಯಿತು. ನ್ಯಾಯಮೂರ್ತಿ ಸ್ಯಾವಿಲ್ ಅವರ ವರದಿ ಬಂದದ್ದು 2010ರ ಜೂನ್ 15ಕ್ಕೆ, ಖರ್ಚು ಸುಮಾರು 19 ಕೋಟಿ ಪೌಂಡು. ಗಿಲ್ಡ್‌ಹಾಲಿನ ಮುಂದಿನ ಚೌಕದಲ್ಲಿ ಸಾವಿರಾರು ಜನ ದೊಡ್ಡ ಪರದೆಯೆದುರು ನಿಂತಿದ್ದರು. ಗುಂಡು ಹಾರಿಸಿದ್ದು ಸಮರ್ಥನೀಯವಲ್ಲ, ಎಂದಿಗೂ ಸಮರ್ಥಿಸಲಾಗದು ಎಂದು ಪ್ರಧಾನಿ ಡೇವಿಡ್ ಕ್ಯಾಮರಾನ್ ಸಂಸತ್ತಿನಲ್ಲಿ ಹೇಳಿ ಕ್ಷಮೆ ಕೋರಿದರು. ಸತ್ತ ಒಬ್ಬೊಬ್ಬರ ಹೆಸರನ್ನೂ ಹೇಳಿ ನಿರ್ದೋಷಿಯೆಂದು ಮನೆಯವರು ವೇದಿಕೆಯಿಂದ ಸಾರಿದರು, ಹಳೆಯ ವಿಜ್‌ರಿ ವರದಿಯ ಪ್ರತಿಯನ್ನು ಅಲ್ಲಿಯೇ ಹರಿದುಹಾಕಿದರು. ಶಿಕ್ಷೆ ಮಾತ್ರ ಯಾರಿಗೂ ಆಗಲಿಲ್ಲ. ಮೊಕದ್ದಮೆ ಎದುರಿಸಿದ ಒಬ್ಬನೇ ಮಾಜಿ ಸೈನಿಕನನ್ನು ಸಾಕ್ಷ್ಯ ಸಾಲದೆಂದು ಬೆಲ್‌ಫಾಸ್ಟ್ ನ್ಯಾಯಾಲಯ 2025ರ ಅಕ್ಟೋಬರ್‌ನಲ್ಲಿ ಬಿಡುಗಡೆ ಮಾಡಿತು. ನಾನು ಹೋದಾಗ ಆ ತೀರ್ಪಿನ ಬಿಸಿ ಇನ್ನೂ ಆರಿರಲಿಲ್ಲ.

ಹೀಗೆ ಸತ್ಯದ ಪ್ರಮಾಣಪತ್ರ ಪಡೆದವರು ಕೆಲವೇ ಮನೆಯವರು. ಉಳಿದ ಸಾವಿರಾರು ಸಾವುಗಳ ತನಿಖೆಗೆ ಬಾಗಿಲು ಮುಚ್ಚಲು ಬ್ರಿಟಿಷ್ ಸರ್ಕಾರ 2023ರಲ್ಲಿ ಕಾನೂನೊಂದನ್ನು ತಂದು, ಮಾಹಿತಿ ಕೊಟ್ಟವರಿಗೆ ಷರತ್ತಿನ ಮೇಲೆ ಮೊಕದ್ದಮೆಯಿಂದ ರಕ್ಷಣೆ ನೀಡಹೊರಟಿತು. ಯಾವುದರಲ್ಲಿಯೂ ಒಂದಾಗದ ಇಲ್ಲಿನ ಪ್ರಮುಖ ಪಕ್ಷಗಳೆಲ್ಲ ಅದನ್ನು ವಿರೋಧಿಸುವುದರಲ್ಲಿ ಒಂದಾದವು. ಆ ರಕ್ಷಣೆ ಮಾನವ ಹಕ್ಕುಗಳಿಗೆ ವಿರುದ್ಧವೆಂದು ಬೆಲ್‌ಫಾಸ್ಟ್ ಹೈಕೋರ್ಟ್ 2024ರಲ್ಲಿ ಹೇಳಿತು.

ಶನಿವಾರ ಫಾಯ್ಲ್ ನದಿಯ ಮೇಲಿನ ಶಾಂತಿ ಸೇತುವೆಯಲ್ಲಿ ಆಚೀಚೆ ನಡೆದೆ. ಕ್ಯಾಥೊಲಿಕರು ಹೆಚ್ಚಿರುವ ಪಶ್ಚಿಮ ದಡವನ್ನು ಪ್ರಾಟೆಸ್ಟೆಂಟರು ಹೆಚ್ಚಿರುವ ಪೂರ್ವ ದಡಕ್ಕೆ ಜೋಡಿಸಲು ಯುರೋಪಿಯನ್ ಒಕ್ಕೂಟದ ಹಣದಿಂದ 2011ರಲ್ಲಿ ಕಟ್ಟಿದ, ಕಾಲ್ನಡಿಗೆಯವರಿಗೂ ಸೈಕಲ್ಲಿಗೂ ಮಾತ್ರ ಇರುವ ಸೇತುವೆ ಅದು. ಆಚೆ ದಡದ ಎಬ್ರಿಂಗ್ಟನ್ ಸೇನಾ ಬ್ಯಾರಕ್ಕು ಈಗ ಸಂಗೀತ, ಸಂತೆಗಳ ಬಯಲು. ಶಾಂತಿಯ ಹೆಸರಿಟ್ಟ ಕಟ್ಟಡಗಳನ್ನು ಕಂಡರೆ ನನಗೆ ಸ್ವಲ್ಪ ಅನುಮಾನ. ಆದರೆ ಇದನ್ನು ಜನ ಬಳಸುತ್ತಾರೆ, ನಾಯಿ ಹಿಡಿದವರು, ಮಗುವಿನ ಗಾಡಿ ತಳ್ಳುವವರು, ಬೆವರು ಸುರಿಸಿ ಓಡುವವರು. ಸೇತುವೆಗಿಂತ ನನಗೆ ಹಿಡಿಸಿದ್ದು ಊರವರೇ ಕುದುರಿಸಿಕೊಂಡ ಇನ್ನೊಂದು ಏರ್ಪಾಡು. 1689ರಲ್ಲಿ ಕ್ಯಾಥೊಲಿಕ್ ದೊರೆಯ ಸೇನೆ ಊರಿಗೆ ಹಾಕಿದ್ದ ಮುತ್ತಿಗೆಯ ನೆನಪಿಗೆ ಪ್ರಾಟೆಸ್ಟೆಂಟರ ಸಂಘ ಪ್ರತಿವರ್ಷ ಆಗಸ್ಟ್‌ನಲ್ಲಿ ಕೋಟೆಯ ಸುತ್ತ ಮೆರವಣಿಗೆ ತೆಗೆಯುತ್ತದೆ, ಒಂದು ಕಾಲದಲ್ಲಿ ಅದು ಗಲಭೆಗೆ ನೆಪವಾಗುತ್ತಿತ್ತು. ಊರಿನ ವ್ಯಾಪಾರಿಗಳು ನಡುವೆ ನಿಂತು, ಸಂಘದವರನ್ನೂ ಬಾಗ್‌ಸೈಡಿನ ನಿವಾಸಿಗಳನ್ನೂ ವರ್ಷಗಟ್ಟಲೆ ಮಾತಿಗೆ ಕೂರಿಸಿ, ಮೆರವಣಿಗೆಯ ದಾರಿ, ಹೊತ್ತು, ವಾದ್ಯ ಎಲ್ಲವನ್ನೂ ತೀರ್ಮಾನಿಸಿಕೊಂಡರು. ಗಲಭೆಯಾದರೆ ಅಂಗಡಿ ಮುಚ್ಚಬೇಕಾಗುತ್ತದೆಂಬ ಚಿಂತೆಯೇ ಅವರನ್ನು ಎಬ್ಬಿಸಿದ್ದು. ಸಂಧಾನಕ್ಕೆ ಉದಾತ್ತ ಕಾರಣವೇ ಬೇಕೆಂದೇನಿಲ್ಲ.

ಭಾನುವಾರ, ಓಮಾ

ಡಬ್ಲಿನ್‌ಗೆ ಹಿಂದಿರುಗುವ ಬಸ್ಸು ಓಮಾ ಪಟ್ಟಣದ ಮೂಲಕ ಹೋಗುತ್ತದೆ. ಒಪ್ಪಂದವನ್ನು ಒಪ್ಪದ ಗುಂಪೊಂದು 1998ರ ಆಗಸ್ಟ್ 15ರಂದು ಇಲ್ಲಿನ ಮಾರ್ಕೆಟ್ ಬೀದಿಯಲ್ಲಿ ಸಿಡಿಸಿದ ಕಾರ್ ಬಾಂಬಿಗೆ 29 ಜನರೂ, ಅವರಲ್ಲೊಬ್ಬಾಕೆಯ ಗರ್ಭದಲ್ಲಿದ್ದ ಅವಳಿ ಶಿಶುಗಳೂ ಬಲಿಯಾದರು. ಊರಿನ ತೋಟದಲ್ಲಿ ಅವರ ನೆನಪಿಗೆ 31 ಕನ್ನಡಿಗಳನ್ನು ನಿಲ್ಲಿಸಿದ್ದಾರೆ. ಬಿಸಿಲು ಬಿದ್ದಾಗ ಅವು ಬೆಳಕನ್ನು ಬಾಂಬು ಸಿಡಿದ ಜಾಗದ ಗಾಜಿನ ಕಂಬದತ್ತ ಹಾಯಿಸುವಂತೆ ಏರ್ಪಾಡು. ನಾನು ಇದ್ದಷ್ಟು ಹೊತ್ತೂ ಮೋಡ. ಬಾಂಬನ್ನು ತಡೆಯಬಹುದಿತ್ತೇ ಎಂಬ ಪ್ರಶ್ನೆಗೆ ಸಾರ್ವಜನಿಕ ವಿಚಾರಣೆ ಆರಂಭವಾದದ್ದು ಕಾಲು ಶತಮಾನ ಕಳೆದ ಮೇಲೆ.

ಊರಿನ ಇನ್ನೊಂದು ಬದಿಯಲ್ಲಿ ಸೇನೆ ಬಿಟ್ಟುಹೋದ ಲಿಸನೆಲಿ ಶಿಬಿರದ ವಿಶಾಲವಾದ ಜಾಗವಿದೆ. ಅಲ್ಲಿ ಎರಡೂ ಸಮುದಾಯಗಳ ಆರು ಶಾಲೆಗಳನ್ನು ಒಂದೇ ಆವರಣಕ್ಕೆ ತರುವ ಸ್ಟ್ರೂಲ್ ಎಂಬ ಯೋಜನೆ ಬಹಳ ವರ್ಷಗಳಿಂದ ಕುಂಟುತ್ತಿದೆ. ವಿಶೇಷ ಅಗತ್ಯವುಳ್ಳ ಮಕ್ಕಳ ಆರ್ವಲಿ ಶಾಲೆ 2016ರಲ್ಲಿಯೇ ಅಲ್ಲಿಗೆ ಬಂತು, ಉಳಿದ ಐದು ಇನ್ನೂ ಬರಬೇಕಿದೆ. ಬಂದ ಮೇಲೂ ಒಂದೊಂದು ಶಾಲೆಗೆ ಅದರದೇ ಹೆಸರು, ಅದರದೇ ಸಮವಸ್ತ್ರ, ಅದರದೇ ಮುಖ್ಯೋಪಾಧ್ಯಾಯರು. ಆಟದ ಮೈದಾನ ಮತ್ತು ಕೆಲವು ಪಾಠಗಳು ಮಾತ್ರ ಒಟ್ಟಿಗೆ. ಸ್ಟಾರ್ಮಂಟಿನಲ್ಲಿ ಕಂಡದ್ದರ ಶಾಲಾ ರೂಪವೇ ಇದು: ಬೇರೆತನವನ್ನು ಮೊದಲು ಭದ್ರಪಡಿಸು, ಆಮೇಲೆ ಹತ್ತಿರ ಕೂರಿಸು. ದೊಡ್ಡವರ ನಡುವೆ ಬಂದೂಕು ಕೆಳಗಿಳಿಸಲು ಆ ಉಪಾಯ ನಡೆಯಿತು. ನಾಲ್ಕು ವರ್ಷದ ಮಗುವಿಗೂ ಅದೇ ಉಪಾಯ ಯಾಕೆ ಬೇಕೆಂಬುದಕ್ಕೆ ನನಗೆ ಒಪ್ಪುವಂಥ ಉತ್ತರ ಯಾರಿಂದಲೂ ಸಿಗಲಿಲ್ಲ.

ಬಸ್ಸು ಓಕ್ನಕ್ಲಾಯ್ ಬಳಿ ಗಡಿ ದಾಟುವ ಹೊತ್ತಿಗೆ ತಂಗಿಯ ಮಗಳ ಫೋನು ಬಂತು. ಜನವರಿಯಲ್ಲಿ ಶಾಲೆಯ ಅರ್ಜಿ ಹಾಕಬೇಕು. ಮನೆಯ ಪಕ್ಕದಲ್ಲೇ ಫಲಿತಾಂಶಕ್ಕೆ ಹೆಸರಾದ ಶಾಲೆಯಿದೆ, ಮಿಶ್ರ ಶಾಲೆಗೆ ಹೋಗಬೇಕಾದರೆ ಎರಡು ಬಸ್ಸು ಬದಲಾಯಿಸಬೇಕು, ಅದರಲ್ಲಿಯೂ ಸೀಟಿಗೆ ಪೈಪೋಟಿ. “ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ದೊಡ್ಡಮ್ಮ?” ಎಂದು ಕೇಳಿದಳು. ಎರಡು ಬಸ್ಸಿನ ಶಾಲೆಯನ್ನೇ ಮೊದಲ ಆಯ್ಕೆಯಾಗಿ ಬರಿ ಎಂದೆ. ಬೆಳಗ್ಗೆ ಏಳಕ್ಕೆ ಮಗುವನ್ನು ಎಬ್ಬಿಸುವವರು ನೀವಲ್ಲವಲ್ಲ ಎಂದು ಅವಳು ನಕ್ಕಳು. ಗಂಡನನ್ನು ಒಪ್ಪಿಸಿ ನೋಡುತ್ತೇನೆ ಎಂದಳು.